ಬಳೆಗಾರರ ಗುಂಡು ಮತ್ತು ಜೋಮು ಹಿಡಿದ ಕೈ

ಹೋದ ಚಳಿಗಾಲದ ಮಾತು. ಜಟಿಂಗ ರಾಮೇಶ್ವರ ಬೆಟ್ಟದ ಶಾಸನದ ಬಗ್ಗೆ ಬರೆಯಬೇಕೆಂದು ಬೆಳಿಗ್ಗೆ ಆರಕ್ಕೆ ಚಳ್ಳಕೆರೆಯಲ್ಲಿ ಬೈಕ್ ಹತ್ತಿದೆ. ತಳಕು, ಹಾನಗಲ್ ದಾಟಿ ಬಳ್ಳಾರಿ ರಸ್ತೆಯಲ್ಲಿ ರಾಂಪುರ ಮುಟ್ಟುವಷ್ಟರಲ್ಲಿ ಒಂದೂವರೆ ಗಂಟೆ ಆಗಿತ್ತು. ನಡುವೆ ಎಲ್ಲೂ ನಿಲ್ಲಿಸಿರಲಿಲ್ಲ. ಟೀ ಅಂಗಡಿ ಮುಂದೆ ಗಾಡಿ ಸ್ಟ್ಯಾಂಡ್ ಹಾಕಿ ಲೋಟಕ್ಕೆ ಕೈ ಚಾಚಿದರೆ, ಲೋಟ ಬಿಸಿಯೋ ತಣ್ಣಗೋ ಎಂಬುದೇ ತಿಳಿಯಲಿಲ್ಲ. ಬೆರಳು ನನ್ನವೇ, ಆದರೆ ನನ್ನ ಮಾತು ಕೇಳುತ್ತಿಲ್ಲ. ಲೋಟ ಜಾರಿ ಬಿತ್ತು. ಟೀ ಪ್ಯಾಂಟಿನ ಮೇಲೆ ಚೆಲ್ಲಿತು.

ಅಂಗಡಿ ಅಜ್ಜ ನಕ್ಕರು. "ಕೈಗೆ ಜೋಮು ಹಿಡಿದೈತೇನೋ ತಮ್ಮಾ? ಇಲ್ಲಿಗೆ ಬರೋ ಬೈಕಿನೋರೆಲ್ಲ ಮೊದಲು ಕೈ ಕೊಡವ್ತಾರೆ, ಆಮೇಲೆ ಟೀ ಕೇಳ್ತಾರೆ," ಎಂದು ಇನ್ನೊಂದು ಲೋಟ ಕೊಟ್ಟರು. ಅದಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ.

ನಾನು ತಾಲ್ಲೂಕಿನ ಸುದ್ದಿ ಕಳಿಸುವವನು. ಸುದ್ದಿಗೆ ಇಷ್ಟು ಎಂದು ಲೆಕ್ಕ, ಪೆಟ್ರೋಲ್ ನಮ್ಮದೇ. ದಿನಕ್ಕೆ ನೂರು ಕಿಲೋಮೀಟರ್ ಓಡಾಡುವುದು ದೊಡ್ಡ ಮಾತಲ್ಲ. ಹಾಲು ಹಾಕುವವರು, ಸೀರೆ ಗಂಟು ಕಟ್ಟಿಕೊಂಡು ಊರೂರು ತಿರುಗುವವರು, ಫೈನಾನ್ಸ್ ಕಂತು ವಸೂಲಿಯವರು, ಔಷಧಿ ಅಂಗಡಿಗೆ ಮಾಲು ಹಾಕುವವರು, ಎಲ್ಲರ ಕಥೆಯೂ ಇದೇ. ಕೈ ಜೋಮು ಹಿಡಿಯುತ್ತದೆ, ಕೊಡವಿಕೊಳ್ಳುತ್ತೇವೆ, ಮತ್ತೆ ಗಾಡಿ ಹತ್ತುತ್ತೇವೆ. ಇದನ್ನು ಯಾರಿಗಾದರೂ ಹೇಳಿಕೊಳ್ಳಬೇಕು ಅನ್ನಿಸುವುದಿಲ್ಲ. ಕಾಯಿಲೆ ಅಲ್ಲ, ಗಾಯ ಅಲ್ಲ, ರಜೆ ಹಾಕುವಂಥದ್ದೂ ಅಲ್ಲ.

ಆದರೆ ಆ ದಿನ ಬೆಟ್ಟ ಹತ್ತಿ, ಶಾಸನದ ಬಂಡೆಯ ಪಕ್ಕದಲ್ಲಿ ಕೂತು ಕೈ ತಿಕ್ಕಿಕೊಳ್ಳುವಾಗ ಒಂದು ಯೋಚನೆ ಬಂತು. ಈ ಜೋಮಿಗೂ ಒಂದು ಚರಿತ್ರೆ ಇರಬೇಕಲ್ಲ? ಮನೆಗೆ ಬಂದು ಓದತೊಡಗಿದೆ. ಇದೆ. ಅದು ನಮ್ಮೆಲ್ಲರಿಗೂ ಬೇಕಾದ ಚರಿತ್ರೆ.

ಬಂಡೆಯ ಹೆಸರೇ ಕೈಯ ಹೆಸರು

ಜಟಾಯು ಬಿದ್ದ ಜಾಗ ಎಂದು ನಮ್ಮ ಕಡೆಯವರು ನಂಬುವ ಬೆಟ್ಟ ಇದು. ರಾಮ ಇಲ್ಲಿ ಲಿಂಗ ಇಟ್ಟ, ಅದಕ್ಕೇ ಜಟಿಂಗ ರಾಮೇಶ್ವರ ಎಂಬ ಮಾತಿದೆ. ದೇವಸ್ಥಾನದ ಮೆಟ್ಟಿಲಿನ ಎದುರಿಗೇ ಇಳಿಜಾರಾಗಿ ಮಲಗಿದ ಒಂದು ಬಂಡೆ. ಅದರ ಮೇಲೆ ಅಶೋಕನ ಶಾಸನ. ಸುಮಾರು 2,250 ವರ್ಷ ಹಳೆಯದು. ಮೈಸೂರು ಸಂಸ್ಥಾನದ ಶಾಸನಗಳನ್ನೆಲ್ಲ ಹುಡುಕಿ ದಾಖಲೆ ಮಾಡಿದ ಬಿ. ಎಲ್. ರೈಸ್ 1892ರಲ್ಲಿ ಇದನ್ನೂ, ಹತ್ತಿರದ ಬ್ರಹ್ಮಗಿರಿ ಮತ್ತು ಸಿದ್ದಾಪುರದ ಶಾಸನಗಳನ್ನೂ ಪತ್ತೆ ಹಚ್ಚಿದರು. ಮೂರೂ ಮೊಳಕಾಲ್ಮೂರು ತಾಲ್ಲೂಕಿನವೇ.

ಬ್ರಹ್ಮಗಿರಿಯ ಬಂಡೆಯನ್ನು ಜನ ಅಕ್ಷರ ಗುಂಡು ಎನ್ನುತ್ತಿದ್ದರು. ಅಕ್ಷರ ಕಾಣುತ್ತದೆ, ಅದಕ್ಕೆ ಆ ಹೆಸರು. ಜಟಿಂಗ ರಾಮೇಶ್ವರದ ಬಂಡೆಯ ಹೆಸರು ಬೇರೆ: ಬಳೆಗಾರರ ಗುಂಡು. ಜಾತ್ರೆಯಲ್ಲಿ ಬಳೆ ಮಾರುವವರು ಆ ಬಂಡೆಯ ಮೇಲೇ ಮಲಾರ ಬಿಚ್ಚಿ ಕೂರುತ್ತಿದ್ದರು. ಎಷ್ಟು ಜಾತ್ರೆ, ಎಷ್ಟು ಜನ, ಎಷ್ಟು ಕಾಲು! ಮೂರರಲ್ಲಿ ಹೆಚ್ಚು ಸವೆದ ಶಾಸನಗಳಲ್ಲಿ ಇದೂ ಒಂದು.

ಬಳೆ ತೊಡಿಸುವುದನ್ನು ನೀವು ನೋಡಿದ್ದೀರಿ. ಚಿಕ್ಕಂದಿನಲ್ಲಿ ನಮ್ಮಕ್ಕನ ಪಕ್ಕದಲ್ಲಿ ಕೂತು ನಾನೂ ನೋಡಿದ್ದೇನೆ. ಗಾಜಿನ ಬಳೆ ಮುಂಗೈಗಿಂತ ಸಣ್ಣದು. ಹುಡುಗಿ ಹೆದರಿ ಕೈ ಬಿಗಿ ಹಿಡಿದರೆ ಬಳೆ ಒಡೆಯುತ್ತದೆ, ಇಲ್ಲವೇ ಕೈ ಗೀರುತ್ತದೆ. ಬಳೆಗಾರ್ತಿ ಒಂದೇ ಮಾತು ಹೇಳುತ್ತಾಳೆ: "ಕೈ ಸಡಿಲ ಬಿಡವ್ವಾ." ಹೆಬ್ಬೆರಳ ಬುಡ ಅದುಮಿ, ಗಿಣ್ಣು ಒತ್ತಿ, ಮಾತಾಡಿಸುತ್ತಾ ಬಳೆ ಏರಿಸಿಬಿಡುತ್ತಾಳೆ. ಈ ಮಾತನ್ನು ನೆನಪಿಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಇನ್ನು ಶಾಸನ. ತಂದೆತಾಯಿಗೆ ವಿಧೇಯರಾಗಿರಿ, ಜೀವಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ, ಗುರುವನ್ನು ಗೌರವಿಸಿ ಎಂಬುದು ಅದರ ತಿರುಳು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಕಡೆಯಿಂದ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆದೇಶ ಅದು. ಆ ಇಸಿಲ ಬ್ರಹ್ಮಗಿರಿಯ ಬುಡದಲ್ಲೇ ಇತ್ತು ಎಂದು ಹೇಳುತ್ತಾರೆ. ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ಅದಕ್ಕೂ ಮುಂಚೆ ನಮ್ಮವರೇ ಆದ ಡಾ. ಎಂ. ಎಚ್. ಕೃಷ್ಣ ಅಲ್ಲಿ ಅಗೆದು ನೋಡಿದ್ದರು.

ನನಗೆ ಮುಖ್ಯ ಅನ್ನಿಸಿದ್ದು ಕೊನೆಯ ಸಾಲು. ಮೂರೂ ಶಾಸನಗಳ ಕೊನೆಗೆ ಬರೆದವನ ಹೆಸರಿದೆ: ಚಪಡ. ಅಶೋಕನ ಶಾಸನಗಳಲ್ಲಿ ಹೀಗೆ ಬರೆದವನು ಹೆಸರು ಹಾಕಿಕೊಳ್ಳುವುದು ಬಹಳ ಅಪರೂಪ. ಶಾಸನವೆಲ್ಲ ಬ್ರಾಹ್ಮೀ ಲಿಪಿಯಲ್ಲಿದ್ದರೆ, ತಾನು ಲಿಪಿಕಾರ ಎಂಬ ಮಾತನ್ನು ಮಾತ್ರ ಆತ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಬರೆಯುವ, ಈಗಿನ ಪಾಕಿಸ್ತಾನ–ಅಫ್ಘಾನಿಸ್ತಾನದ ಕಡೆಯ ಲಿಪಿ. ಹಾಗಾಗಿ ಈತ ಆ ಕಡೆಯಿಂದ ಬಂದವನು, ಇಲ್ಲವೇ ಅಲ್ಲಿ ಕೆಲಸ ಕಲಿತವನು ಎಂದು ವಿದ್ವಾಂಸರು ಹೇಳುತ್ತಾರೆ. ಉಳಿ ಹಿಡಿದು ಕಡಿದವನು ಅವನೇ, ಬೇರೆ ಕಲ್ಲುಕುಟಿಗನೇ ಎಂಬುದನ್ನು ಶಾಸನ ಹೇಳುವುದಿಲ್ಲ. ಇಷ್ಟಂತೂ ನಿಜ: ಗಟ್ಟಿ ಕಲ್ಲಿನ ಮೇಲೆ ಒಂದೊಂದು ಅಕ್ಷರಕ್ಕೂ ಸುತ್ತಿಗೆಯ ಪೆಟ್ಟು ಬಿದ್ದಿದೆ, ಪ್ರತಿ ಪೆಟ್ಟೂ ಉಳಿಯಿಂದ ಯಾರದೋ ಕೈಗೆ ಹತ್ತಿದೆ.

ಬರೆಯುವ ಕೈ, ಕಲ್ಲು ಕಡಿಯುವ ಕೈ

ಕೆಲಸ ಮತ್ತು ಕಾಯಿಲೆಗೆ ಸಂಬಂಧ ಇದೆ ಎಂದು ದೊಡ್ಡದಾಗಿ ಬರೆದವರಲ್ಲಿ ಮೊದಲಿಗರು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ. 1700ರಲ್ಲಿ ಅವರ ಪುಸ್ತಕ ಬಂತು. ರೋಗಿ ಬಂದರೆ ಆತನ ಕೆಲಸ ಏನು ಎಂದು ಕೇಳಿ ಎಂಬುದು ಅವರು ವೈದ್ಯರಿಗೆ ಹೇಳಿದ ಬುದ್ಧಿಮಾತು. ಅವರ ಪುಸ್ತಕದಲ್ಲಿ ಗುಮಾಸ್ತರ ಕೈಯ ಮಾತೂ ಇದೆ. ದಿನವಿಡೀ ಲೇಖನಿ ಬಿಗಿ ಹಿಡಿದು ಬರೆದು ಒಬ್ಬನ ಬಲಗೈ ಸೋತುಹೋಯಿತು. ಆತ ಎಡಗೈಯಲ್ಲಿ ಬರೆಯುವುದನ್ನು ಕಲಿತ. ಸ್ವಲ್ಪ ದಿನಕ್ಕೆ ಅದೂ ಸೋತಿತು. ಕೈ ಬದಲಾಯಿತೇ ಹೊರತು ಹಿಡಿತ ಬದಲಾಗಿರಲಿಲ್ಲ.

ಮುಂದಿನ ಹೆಜ್ಜೆ ಪ್ಯಾರಿಸ್ಸಿನಲ್ಲಿ. 1861ರಲ್ಲಿ ಫೆಲಿಕ್ಸ್ ಗೀಯೋನ್ ಎಂಬ ವೈದ್ಯರು ಅಂಗೈ ಬುಡದಲ್ಲಿ, ಕಿರುಬೆರಳಿನ ಕಡೆಗೆ, ಒಂದು ಕಿರಿದಾದ ದಾರಿ ಇರುವುದನ್ನು ವಿವರಿಸಿದರು. ಕಿರುಬೆರಳಿಗೆ ಹೋಗುವ ನರ ಅದರೊಳಗೆ ಹಾದುಹೋಗುತ್ತದೆ. ಮರುವರ್ಷ, 1862ರಲ್ಲಿ, ಮೋರೀಸ್ ರೇನೋ ಎಂಬ ಇನ್ನೊಬ್ಬರು ಚಳಿಗೆ ಬೆರಳು ಬಿಳಿಚಿ ಮರಗಟ್ಟುವ ತೊಂದರೆಯ ಬಗ್ಗೆ ಬರೆದರು. ಇಬ್ಬರೂ ಯಂತ್ರದ ಬಗ್ಗೆ ಬರೆಯಲಿಲ್ಲ. ಆದರೆ ಮುಂದೆ ಯಂತ್ರ ಹಿಡಿದವರ ಕೈ ನೋಡುವಾಗ ಇಬ್ಬರ ಬರಹವೂ ಬೇಕಾಯಿತು.

ಗಾಳಿಯ ಒತ್ತಡದಿಂದ ನಡೆಯುವ ಸುತ್ತಿಗೆ ಬಂದ ಮೇಲೆ ಕಥೆ ಬದಲಾಯಿತು. ಕೈಸುತ್ತಿಗೆಯಲ್ಲಿ ಒಂದು ಪೆಟ್ಟಿಗೂ ಇನ್ನೊಂದು ಪೆಟ್ಟಿಗೂ ನಡುವೆ ಉಸಿರಾಡುವಷ್ಟು ಬಿಡುವಿರುತ್ತದೆ. ಗಾಳಿಸುತ್ತಿಗೆ ಒಂದೇ ನಿಮಿಷದಲ್ಲಿ ಸಾವಿರಾರು ಪೆಟ್ಟು ಹಾಕುತ್ತದೆ, ಕೈಗೆ ಬಿಡುವೇ ಇಲ್ಲ. 1911ರಲ್ಲಿ ಇಟಲಿಯ ಲೋರಿಗಾ ಎಂಬ ವೈದ್ಯರು ಇಂಥ ಉಪಕರಣ ಹಿಡಿದ ಕೆಲಸಗಾರರ ಬೆರಳಿನ ತೊಂದರೆಯನ್ನು ದಾಖಲಿಸಿದರು.

1918ರಲ್ಲಿ ಅಮೆರಿಕದ ಇಂಡಿಯಾನ ರಾಜ್ಯದ ಬೆಡ್‌ಫರ್ಡ್ ಎಂಬ ಊರಿಗೆ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ಹೋದರು. ಅಲ್ಲಿ ಸುಣ್ಣಕಲ್ಲಿನ ಗಣಿಗಳು, ಕಲ್ಲು ಕೆತ್ತುವ ಶೆಡ್ಡುಗಳು. ಕೆಲಸಗಾರರು ಹೇಳುತ್ತಿದ್ದದ್ದು ಹೀಗೆ: ಚಳಿಗಾಲದ ಬೆಳಿಗ್ಗೆ ಬೆರಳು ಸತ್ತವರ ಬೆರಳಿನಂತೆ ಬೆಳ್ಳಗಾಗುತ್ತದೆ, ಮುಟ್ಟಿದ್ದು ತಿಳಿಯುವುದಿಲ್ಲ, ಅಂಗಿಯ ಗುಂಡಿ ಹಾಕಲು ಆಗುವುದಿಲ್ಲ. ಹ್ಯಾಮಿಲ್ಟನ್ ಶೆಡ್ಡಿನಲ್ಲೇ ನಿಂತು ನೋಡಿದರು. ಯಾವ ಕೈಯಲ್ಲಿ ಉಪಕರಣ, ಯಾವ ಬೆರಳು ಬಿಗಿ, ಯಾವ ಬೆರಳು ಬಿಳಿ ಎಂದು ಒಂದೊಂದಾಗಿ ಬರೆದುಕೊಂಡರು. ಉಳಿಯನ್ನು ಬಿಗಿಯಾಗಿ ಹಿಡಿಯುವ ಎಡಗೈಗೇ ತೊಂದರೆ ಹೆಚ್ಚು ಎಂದು ಕಂಡಿತು. ಅದುರುವ ಉಪಕರಣ, ಬಿಗಿ ಹಿಡಿತ, ಚಳಿ, ಈ ಮೂರೂ ಸೇರಿದರೆ ಬೆರಳು ಸಾಯುತ್ತದೆ ಎಂದು ಅವರು ವರದಿ ಕೊಟ್ಟರು. ಮುಂದಿನ ವರ್ಷವೇ ಹಾರ್ವರ್ಡ್ ವೈದ್ಯಕೀಯ ಶಾಲೆ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅಲ್ಲಿನ ಮೊದಲ ಮಹಿಳಾ ಅಧ್ಯಾಪಕಿ ಅವರೇ.

ವರದಿ ಬಂತು, ಆಮೇಲೇನಾಯಿತು? ಸುಮಾರು 60 ವರ್ಷಗಳ ನಂತರ ಸಂಶೋಧಕರು ಅದೇ ಬೆಡ್‌ಫರ್ಡಿಗೆ ಮತ್ತೆ ಹೋದರು. ಅಂಥವೇ ಸುತ್ತಿಗೆಗಳು ನಡೆಯುತ್ತಿದ್ದವು, ಕೆಲಸಗಾರರ ಬೆರಳೂ ಬಿಳಿಯಾಗುತ್ತಿದ್ದವು. ಬ್ರಿಟನ್ ಈ ಬಿಳಿ ಬೆರಳನ್ನು ಕೆಲಸದಿಂದ ಬರುವ ಕಾಯಿಲೆ ಎಂದು ಅಧಿಕೃತ ಪಟ್ಟಿಗೆ ಸೇರಿಸಿದ್ದು 1985ರಲ್ಲಿ. ಹ್ಯಾಮಿಲ್ಟನ್ ವರದಿಯಿಂದ ಲೆಕ್ಕ ಹಾಕಿದರೂ 67 ವರ್ಷ. ಅಷ್ಟು ವರ್ಷ ಎಷ್ಟು ಜನ ಕೈ ಕೊಡವಿಕೊಂಡು ಸುಮ್ಮನೆ ಮನೆಗೆ ಹೋಗಿರಬೇಕು!

ನಮ್ಮೂರಿಗೆ ಅದುರು ಬಂದದ್ದು

ನಮ್ಮ ಕಡೆ ಗಾಳಿಸುತ್ತಿಗೆ ಹಿಡಿಯುವವರು ಕಲ್ಲು ಕ್ವಾರಿಯವರು ಮಾತ್ರ. ಉಳಿದವರ ಕೈಗೆಲ್ಲ ಅದುರು ತಂದದ್ದು ಬೈಕು.

ಮದ್ರಾಸಿನಲ್ಲಿ 1955ರಲ್ಲಿ ಎನ್‌ಫೀಲ್ಡ್ ಕಂಪನಿ ಶುರುವಾಗಿ ಬುಲೆಟ್ ಬಂತು. 1961ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಜಾವಾ ಬೈಕುಗಳು ಹೊರಬಂದವು. 1973ರಿಂದ ಅದೇ ಗಾಡಿಗೆ ಯೆಜ್ಡಿ ಎಂದು ಹೆಸರು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 1980ರಲ್ಲಿ ಟಿವಿಎಸ್ 50 ಬಂದು ಹಳ್ಳಿಯ ಸಾಮಾನ್ಯರಿಗೂ ಗಾಡಿ ಎಟುಕುವಂತಾಯಿತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂದ ಮೇಲೆ ಪೆಟ್ರೋಲ್ ಲೆಕ್ಕ ಹಾಕುವವರೂ ಧೈರ್ಯವಾಗಿ ಬೈಕ್ ಕೊಂಡರು. ಅಲ್ಲಿಯವರೆಗೆ ಬಸ್ಸು, ಎತ್ತಿನ ಗಾಡಿ, ಸೈಕಲ್ಲಿನಲ್ಲಿ ಹೋಗುತ್ತಿದ್ದವರು ದಿನಾ ಎರಡು–ಮೂರು ಗಂಟೆ ಒಂದು ಇಂಜಿನನ್ನು ಕೈಯಲ್ಲಿ ಹಿಡಿದು ಕೂರತೊಡಗಿದರು.

ಈ ಗಾಡಿಗಳಿಗೆಲ್ಲ ಒಂದೇ ಸಿಲಿಂಡರ್. ಅದು ಯಾಕೆ ಅದುರುತ್ತದೆ ಎಂಬುದನ್ನು ಒನಕೆಯಿಂದ ಹೇಳಬಹುದು. ಒನಕೆ ಎಂದರೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಒಬ್ಬರೇ ಕುಟ್ಟಿದರೆ ಪ್ರತಿ ಪೆಟ್ಟಿಗೂ ನೆಲ ಅದುರುತ್ತದೆ. ಸಿಲಿಂಡರಿನೊಳಗಿನ ಪಿಸ್ಟನ್ ಅಂಥ ಒಂಟಿ ಒನಕೆ. ಕಾರಿನಲ್ಲಿ ನಾಲ್ಕು ಒನಕೆ ಇರುತ್ತವೆ: ಎರಡು ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ, ಅದುರಿನ ಹೆಚ್ಚಿನ ಪಾಲು ಒಂದಕ್ಕೊಂದು ವಜಾ ಆಗುತ್ತದೆ. ಬೈಕಿನ ಒಂಟಿ ಒನಕೆಗೆ ಆ ಜೊತೆ ಇಲ್ಲ. ಅದಕ್ಕೆ ಇಂಜಿನಿಯರುಗಳು ಒಳಗೆ ಎದುರು ತೂಕ ಇಟ್ಟರು. ಈಚಿನ ಕೆಲವು ಗಾಡಿಗಳಲ್ಲಿ ತಿರುಗುವ ಎದುರು ತೂಕದ ಇನ್ನೊಂದು ದಂಡವನ್ನೇ ಇಟ್ಟಿದ್ದಾರೆ. ಹಳೇ ಬುಲೆಟ್ ಮತ್ತು ಹೊಸ ಬುಲೆಟ್ ಎರಡನ್ನೂ ಓಡಿಸಿದವರ ಕೈಗೆ ಈ ವ್ಯತ್ಯಾಸ ಕೂಡಲೇ ತಿಳಿಯುತ್ತದೆ.

ಒಂದು ಲೆಕ್ಕ ಹಾಕಿ ನೋಡಿ. ಇಂಜಿನ್ ನಿಮಿಷಕ್ಕೆ 4,800 ಸುತ್ತು ಹಾಕುತ್ತಿದ್ದರೆ ಸೆಕೆಂಡಿಗೆ 80. ಗಂಟೆಗೆ 2,88,000. ನಿಲ್ಲಿಸದೆ ಒಂದೂವರೆ ಗಂಟೆ ಹೋದರೆ 4,32,000 ಸಲ ಹ್ಯಾಂಡಲ್ ನಿಮ್ಮ ಅಂಗೈಗೆ ಸಣ್ಣ ಪೆಟ್ಟು ಕೊಟ್ಟಿರುತ್ತದೆ. ಪ್ರತಿ ಪೆಟ್ಟೂ ಗಾಳಿಸುತ್ತಿಗೆಯ ಪೆಟ್ಟಿಗಿಂತ ಬಹಳ ಸಣ್ಣದು. ಆದರೆ ಜಪಾನಿನಲ್ಲಿ 1990ರ ದಶಕದಲ್ಲಿ ಮೋಟಾರ್‌ಸೈಕಲ್ ಮೇಲೆ ಕೆಲಸ ಮಾಡುವ ಟ್ರಾಫಿಕ್ ಪೊಲೀಸರನ್ನು ವಿಚಾರಿಸಿದಾಗ, ಬೆರಳಿನ ಜೋಮು, ಬಿಗಿತ, ಭುಜದ ನೋವು ಬೇರೆ ಕೆಲಸದವರಿಗಿಂತ ಅವರಲ್ಲಿ ಹೆಚ್ಚು ಕಂಡಿತು. ಬೈಕು ಗಾಳಿಸುತ್ತಿಗೆ ಅಲ್ಲ, ಆದರೆ ಅದರ ದೂರದ ನೆಂಟ.

ಯಾವ ಬೆರಳು?

ಹ್ಯಾಮಿಲ್ಟನ್ ಮಾಡಿದ ಕೆಲಸವನ್ನು ನಾವೂ ಮಾಡಬಹುದು. ಗಾಡಿ ಇಳಿದಾಗ ಯಾವ ಬೆರಳು ಜೋಮು ಹಿಡಿದಿದೆ ಎಂದು ನೋಡಿಕೊಳ್ಳಿ.

ಕಿರುಬೆರಳು, ಉಂಗುರದ ಬೆರಳು ಆದರೆ: ಅಂಗೈಯ ಹೊರಬದಿಯ ಬುಡದ ಮೇಲೆ ಭಾರ ಬೀಳುತ್ತಿದೆ. ಗೀಯೋನ್ ಹೇಳಿದ ದಾರಿಯಲ್ಲಿ ನರ ಒತ್ತಿಕೊಳ್ಳುತ್ತಿದೆ. ಮುಂದಕ್ಕೆ ಬಾಗಿ, ಮೈಭಾರವನ್ನೆಲ್ಲ ಕೈ ಮೇಲೆ ಹಾಕಿ ಕೂರುವವರಿಗೆ ಇದು ಹೆಚ್ಚು. ದೂರ ಸೈಕಲ್ ಹೊಡೆಯುವವರಿಗೂ ಬರುತ್ತದೆ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಆದರೆ: ಮಣಿಕಟ್ಟಿನ ನಡುವಿನ ನರ. ಮಣಿಕಟ್ಟು ಮೇಲಕ್ಕೋ ಕೆಳಕ್ಕೋ ಮುರಿದಂತೆ ಬಾಗಿದ್ದರೆ ಈ ನರಕ್ಕೆ ಜಾಗ ಕಿರಿದಾಗುತ್ತದೆ. ಬಲಗೈಯಲ್ಲಿ ಎಕ್ಸಲೇಟರ್ ತಿರುಗಿಸಿ ಹಿಡಿದೇ ಇರುವವರಿಗೆ ಇದು ಸಾಮಾನ್ಯ. ರಾತ್ರಿ ನಿದ್ದೆಯಲ್ಲಿ ಎಚ್ಚರವಾಗಿ ಕೈ ಕೊಡವಿಕೊಳ್ಳುವಂತಾದರೆ ಇದೇ ನರದ ಮೇಲೆ ಅನುಮಾನ ಪಡಬೇಕು. ಮಗ್ಗದ ಕೆಲಸ, ರೊಟ್ಟಿ ತಟ್ಟುವುದು, ಬಟ್ಟೆ ಹಿಂಡುವುದು, ಹೀಗೆ ಕೈಯನ್ನು ಒಂದೇ ರೀತಿ ಬಾಗಿಸಿ ದುಡಿಯುವ ಗಂಡಸರು ಹೆಂಗಸರಿಗೂ ಇದು ಬರುತ್ತದೆ. ಬೈಕೇ ಬೇಕೆಂದಿಲ್ಲ.

ಎಲ್ಲ ಬೆರಳೂ ಒಟ್ಟಿಗೆ ಝುಂ ಎನ್ನುತ್ತಿದ್ದರೆ: ಅದುರು ಮತ್ತು ಬಿಗಿ ಹಿಡಿತ. ನನ್ನದು ಇದೇ.

ಕೈ ಸಡಿಲ ಬಿಡವ್ವಾ

ನನಗೆ ಉಪಯೋಗಕ್ಕೆ ಬಂದದ್ದನ್ನು ಹೇಳುತ್ತೇನೆ. ಹೆಚ್ಚಿನದಕ್ಕೆ ದುಡ್ಡು ಖರ್ಚಿಲ್ಲ.

ಮೊದಲನೆಯದು ಬಳೆಗಾರ್ತಿಯ ಮಾತೇ. ಹಿಡಿತ ಬಿಗಿಯಾದಷ್ಟೂ ಅದುರು ಕೈಗೆ ಹೆಚ್ಚು ಹತ್ತುತ್ತದೆ. ಬೆರಳಿಗೆ ರಕ್ತ ಹರಿಯುವುದೂ ಕಡಿಮೆಯಾಗುತ್ತದೆ. ಹ್ಯಾಂಡಲ್ ಹಿಡಿಯುವುದು ಗಾಡಿ ತಿರುಗಿಸಲು, ಅದಕ್ಕೆ ಜೋತುಬೀಳಲು ಅಲ್ಲ. ತೊಡೆಯಿಂದ ಟ್ಯಾಂಕ್ ಅದುಮಿ ಹಿಡಿದು, ಬೆನ್ನು ಹೊಟ್ಟೆಯ ಬಲದಲ್ಲಿ ಕೂತು, ಮೊಣಕೈ ಸ್ವಲ್ಪ ಮಡಿಸಿದರೆ ಕೈ ಮೇಲಿನ ಭಾರ ಇಳಿಯುತ್ತದೆ. ನನಗೆ ಇದು ಅಭ್ಯಾಸವಾಗಲು ಹದಿನೈದು ದಿನ ಬೇಕಾಯಿತು. ಹಿಂದೆ ಲಾರಿ ಬಂದ ಕೂಡಲೇ ಕೈ ತಾನಾಗಿಯೇ ಬಿಗಿಯುತ್ತಿತ್ತು. ಈಗ ಲಾರಿ ದಾಟಿದ ಮೇಲೆ ನೆನಪು ಮಾಡಿಕೊಂಡು ಸಡಿಲ ಬಿಡುತ್ತೇನೆ.

ಎರಡನೆಯದು ಲಿವರ್. ಬ್ರೇಕ್ ಮತ್ತು ಕ್ಲಚ್ ಲಿವರಿನ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳವರೆಗೆ ಒಂದೇ ಗೆರೆಯಲ್ಲಿರಬೇಕು. ಮಣಿಕಟ್ಟು ಮುರಿದಂತಿದ್ದರೆ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಾಕಿ ಲಿವರ್ ಮೇಲೆ–ಕೆಳಗೆ ಮಾಡಿಸಿಕೊಳ್ಳಿ, ಐದು ನಿಮಿಷದ ಕೆಲಸ. ಕ್ಲಚ್ ಬಿಗಿಯಿದ್ದರೆ ಕೇಬಲ್ಲಿಗೆ ಎಣ್ಣೆ ಬಿಡಿಸಿ.

ಮೂರನೆಯದು ಗಾಡಿಯ ಆರೋಗ್ಯ. ಹೊಸ ಗಾಡಿಯಲ್ಲಿ ಇಲ್ಲದ ಅದುರು ಈಗ ಬಂದಿದೆ ಎಂದರೆ ಏನೋ ಸಡಿಲಾಗಿದೆ ಎಂದೇ ಅರ್ಥ. ಇಂಜಿನ್ ಹಿಡಿದಿರುವ ಬೋಲ್ಟು, ಹ್ಯಾಂಡಲಿನ ಕ್ಲಾಂಪು, ಸವೆದ ಚೈನು, ಬಿರುಕು ಬಿಟ್ಟ ರಬ್ಬರ್ ಬುಷ್, ಟಯರಿನ ಗಾಳಿ, ಎಲ್ಲ ನೋಡಿಸಿ. ಹ್ಯಾಂಡಲಿನ ಎರಡು ತುದಿಯಲ್ಲಿ ತೂಕದ ಕಬ್ಬಿಣದ ಗುಬುಟು ಇರುತ್ತದಲ್ಲ, ಅದು ಅಲಂಕಾರಕ್ಕಲ್ಲ, ಅದುರು ತಗ್ಗಿಸಲು ಇಟ್ಟದ್ದು. ಬಿದ್ದುಹೋಗಿದ್ದರೆ ಹಾಕಿಸಿ. ಕಲ್ಲಿನಂತಾದ ಹಳೇ ಗ್ರಿಪ್ ಬದಲಿಸಿ. ಆದರೆ ಮೆತ್ತಗಿರಲಿ ಎಂದು ಅದರ ಮೇಲೆ ಬಟ್ಟೆ, ಟ್ಯೂಬು ಸುತ್ತಿ ದಪ್ಪ ಮಾಡಬೇಡಿ. ದಪ್ಪವಾದಷ್ಟೂ ಬಿಗಿ ಹಿಡಿಯಬೇಕಾಗುತ್ತದೆ, ಎಕ್ಸಲೇಟರ್ ಸಿಕ್ಕಿಕೊಳ್ಳುವ ಅಪಾಯವೂ ಇದೆ.

ನಾಲ್ಕನೆಯದು ವೇಗ ಮತ್ತು ಬಿಡುವು. ಪ್ರತಿ ಗಾಡಿಗೂ ಕೈಗೆ ಹಿತವಾದ ಒಂದು ವೇಗ ಇರುತ್ತದೆ, ಅದಕ್ಕಿಂತ ಐದು ಕಿಲೋಮೀಟರ್ ಏರಿಸಿದರೆ ಹ್ಯಾಂಡಲ್ ಝುಂಗುಡುತ್ತದೆ. ನಿಮ್ಮ ಗಾಡಿಯ ಆ ವೇಗ ಕಂಡುಕೊಳ್ಳಿ. ಮುಕ್ಕಾಲು ಗಂಟೆಗೊಮ್ಮೆ ಇಳಿದು ಎರಡು ನಿಮಿಷ ಕೈ ಆಡಿಸಿ. ಚಳಿಯಲ್ಲಿ ಗ್ಲೌಸ್ ಹಾಕಿ, ಚಳಿಯೂ ಬೆರಳಿನ ಶತ್ರು ಎಂದು ಬೆಡ್‌ಫರ್ಡಿನವರು ತೋರಿಸಿದ್ದಾರೆ. ಜೋಮು ಹಿಡಿದ ಕೈಯಲ್ಲಿ ಬ್ರೇಕ್ ಎಷ್ಟು ಒತ್ತಿದ್ದೇವೆ ಎಂಬುದು ತಿಳಿಯುವುದಿಲ್ಲ. ಹಾಗಾಗಿ ಅದು ನೋವಿನ ವಿಷಯ ಮಾತ್ರ ಅಲ್ಲ, ಜೀವದ ವಿಷಯ.

ಬೈಕಿನ ಮೇಲೆ ಹಾಕಿದ ತಪ್ಪು

ಇನ್ನು ಹೇಳಲೇಬೇಕಾದ ಒಂದು ಮಾತಿದೆ. ಈ ಲೇಖನ ಬರೆಯಲು ಅದೂ ಒಂದು ಕಾರಣ.

ನಮ್ಮ ಕಡೆಯ ಒಬ್ಬ ಅಣ್ಣ ದಿನಾ ಎರಡು ಕ್ಯಾನು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತಿದ್ದ. ಎಡಗೈಯ ಕಿರುಬೆರಳು, ಉಂಗುರದ ಬೆರಳು ಜೋಮು ಎನ್ನುತ್ತಿದ್ದ. "ಗಾಡಿ ಹೊಡಿತೀಯ, ಇನ್ನೇನಾಗುತ್ತೆ ಬಿಡಣ್ಣ," ಎಂದವರಲ್ಲಿ ನಾನೂ ಒಬ್ಬ. ಗ್ರಿಪ್ ಬದಲಿಸಿದ, ಎಣ್ಣೆ ತಿಕ್ಕಿದ. ಆರು ತಿಂಗಳು ಕಳೆಯಿತು. ಒಂದು ದಿನ ಸೈಲೆನ್ಸರಿಗೆ ಕೈ ತಾಗಿ ಚರ್ಮ ಸುಟ್ಟಿದ್ದು ಅವನಿಗೆ ತಿಳಿಯಲೇ ಇಲ್ಲ. ಮನೆಗೆ ಬಂದ ಆಶಾ ಅಕ್ಕ ಆ ಗಾಯ ನೋಡಿ, ತೋಳಿನ ಮೇಲಿದ್ದ ತಿಳಿ ಬಣ್ಣದ ಮಚ್ಚೆಯನ್ನೂ ನೋಡಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕುಷ್ಠರೋಗ. ಮಾತ್ರೆ ಮುಗಿಸಿ ವಾಸಿಯಾದ, ಈಗಲೂ ಹಾಲು ಹಾಕುತ್ತಾನೆ. ಆದರೆ ಆ ಕಿರುಬೆರಳು ಪೂರಾ ನೆಟ್ಟಗಾಗಲಿಲ್ಲ. ಆರು ತಿಂಗಳು ಮುಂಚೆ ಹೋಗಿದ್ದರೆ ಬೆರಳು ಉಳಿಯುತ್ತಿತ್ತೇನೋ. ಅವನ ಜೋಮು ಬೈಕಿನದಲ್ಲ ಎಂದು ಹೇಳುವ ಗುರುತು ನಮ್ಮ ಕಣ್ಣೆದುರಿಗೇ ಇತ್ತು: ಗಾಡಿ ಇಳಿದು ಗಂಟೆಗಟ್ಟಲೆ ಆದರೂ ಅದು ಹೋಗುತ್ತಿರಲಿಲ್ಲ. ನಾವು ಯಾರೂ ಕೇಳಲಿಲ್ಲ.

ಕುಷ್ಠರೋಗದಲ್ಲಿ ಬೆರಳು ತಾನೇ ಕೊಳೆತು ಉದುರುತ್ತದೆ ಎಂದು ಹಿಂದೆ ನಂಬಿದ್ದರು. ಅದು ಹಾಗಲ್ಲ ಎಂದು ತೋರಿಸಿದವರಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ಕೆಲಸ ಮಾಡಿದ ಡಾ. ಪಾಲ್ ಬ್ರಾಂಡ್ ಮುಖ್ಯರು. 1940ರ ದಶಕದ ಕೊನೆಯಿಂದ ಅವರು ಇಂಥ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ನರ ಸತ್ತು ನೋವು ತಿಳಿಯದ ಕೈ ಸುಟ್ಟುಕೊಳ್ಳುತ್ತದೆ, ಕೊಯ್ದುಕೊಳ್ಳುತ್ತದೆ, ಆ ಗಾಯಗಳೇ ಬೆರಳನ್ನು ತಿನ್ನುತ್ತವೆ ಎಂದು ಅವರು ಕಂಡುಕೊಂಡರು. ನೋವು ತಿಳಿಯುವುದು ದೊಡ್ಡ ವರ ಎಂಬುದು ಅವರ ಜೀವಮಾನದ ಮಾತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಲವು ಔಷಧಿ ಸೇರಿಸಿ ಕೊಡುವ ಚಿಕಿತ್ಸೆಯನ್ನು ಶಿಫಾರಸು ಮಾಡಿತು. ಅದು ಇವತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಚಿಕಿತ್ಸೆ ಶುರುವಾದರೆ ರೋಗ ಇನ್ನೊಬ್ಬರಿಗೆ ಹರಡುವುದೂ ಬೇಗ ನಿಲ್ಲುತ್ತದೆ. ನಾಚಿಕೆ ಪಡುವಂಥದ್ದೇನೂ ಇಲ್ಲ.

ಸಕ್ಕರೆ ಕಾಯಿಲೆಯಲ್ಲೂ ಜೋಮು ಬರುತ್ತದೆ, ಹೆಚ್ಚಾಗಿ ಮೊದಲು ಪಾದಕ್ಕೆ. ಬಿ12 ಕೊರತೆ, ಥೈರಾಯ್ಡ್, ಕತ್ತಿನ ನರದ ಒತ್ತಡದಿಂದಲೂ ಬರುತ್ತದೆ. ಹಾಗಾಗಿ ಇಷ್ಟು ನೆನಪಿಡಿ. ಗಾಡಿ ಇಳಿದು ಸ್ವಲ್ಪ ಹೊತ್ತಿಗೆ ಹೋಗುವ ಜೋಮಿಗೆ ಹಿಡಿತ, ಲಿವರ್, ಬಿಡುವು ನೋಡಿ. ಗಂಟೆಗಟ್ಟಲೆ ಉಳಿದರೆ, ಗಾಡಿ ಹೊಡೆಯದ ದಿನವೂ ಇದ್ದರೆ, ರಾತ್ರಿ ಎಬ್ಬಿಸಿದರೆ, ಕೈಯಿಂದ ಸಾಮಾನು ಜಾರಿದರೆ, ಹೆಬ್ಬೆರಳ ಬುಡದ ಮಾಂಸ ಇಳಿದರೆ, ಚಳಿಗೆ ಬೆರಳು ಬಿಳಿಚಿದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಆಸ್ಪತ್ರೆಗೆ ಹೋಗಿ. ಒಂದು ಪಕ್ಕದ ಕೈಕಾಲು ಇದ್ದಕ್ಕಿದ್ದಂತೆ ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಜೋಮಲ್ಲ, ಲಕ್ವ. ಆಗ ಒಂದು ನಿಮಿಷವೂ ಕಾಯದೆ 108ಕ್ಕೆ ಫೋನ್ ಮಾಡಿ. ವೈದ್ಯರ ಹತ್ತಿರ ಹೋದಾಗ ನಿಮ್ಮ ಕೆಲಸ ಏನು, ದಿನಕ್ಕೆ ಎಷ್ಟು ಹೊತ್ತು ಗಾಡಿ ಮೇಲಿರುತ್ತೀರಿ, ಯಾವ ಬೆರಳು, ಎಷ್ಟು ಹೊತ್ತು ಎಂಬುದನ್ನು ಅವರು ಕೇಳದಿದ್ದರೂ ನೀವೇ ಹೇಳಿ. 300 ವರ್ಷದ ಹಿಂದೆ ರಾಮಜ್ಜಿನಿ ಕೇಳಿ ಎಂದದ್ದು ಇದನ್ನೇ.

ಕಳೆದ ತಿಂಗಳು ಮತ್ತೆ ಜಟಿಂಗ ರಾಮೇಶ್ವರಕ್ಕೆ ಹೋಗಿದ್ದೆ. ಈ ಸಲ ತಳಕಿನಲ್ಲಿ ಒಮ್ಮೆ, ಹಾನಗಲ್ಲಿನಲ್ಲಿ ಒಮ್ಮೆ ಇಳಿದೆ. ರಾಂಪುರದ ಅಜ್ಜ ಟೀ ಕೊಡುವ ಮುಂಚೆ ನನ್ನ ಕೈಯನ್ನೇ ನೋಡಿದರು. "ಈ ಸಲ ಬೀಳಲ್ಲ ಕೊಡಜ್ಜ," ಎಂದೆ. ಬೀಳಲಿಲ್ಲ. ಬೆಟ್ಟದ ಮೇಲೆ ಬಳೆಗಾರರ ಗುಂಡಿನ ಪಕ್ಕ ಕೂತು ಅಂಗೈ ಬಂಡೆಯ ಅಂಚಿಗೆ ಇಟ್ಟೆ. ಬೆಳಗಿನ ಬಂಡೆ ತಣ್ಣಗಿತ್ತು, ಒರಟಾಗಿತ್ತು. ಎರಡೂ ಚೆನ್ನಾಗಿ ತಿಳಿಯಿತು.